ಸಾವಿರಕ್ಕೆ ನಲವತ್ತೇಳು

ಆ ಕಣ್ಣುರೋಗದ ಸಮೀಕ್ಷೆಗೆ ಹೆಸರು ಬಾಯ್ತುಂಬ ಇತ್ತು, ಕೆಲಸ ಮಾತ್ರ ಇಷ್ಟೇ: ಮಗುವಿನ ಮೇಲಿನ ರೆಪ್ಪೆ ಹಿಡಿದು ಒಳಮಗ್ಗುಲು ಹೊರಗೆ ಬರುವಂತೆ ಮಡಚಬೇಕು, ಟಾರ್ಚ್ ಬಿಡಬೇಕು, ಎದ್ದಿರುವ ಬಿಳಿ ಗುಳ್ಳೆಗಳನ್ನು ಎಣಿಸಬೇಕು. ಐದಿದ್ದರೆ ರೋಗ. ನಾಲ್ಕಿದ್ದರೆ ಮಗು ಗಟ್ಟಿಮುಟ್ಟು, ಮುಂದಿನದು ಬರಲಿ. ಆರು ವಾರದಿಂದ ಇದನ್ನೇ ಮಾಡುತ್ತಿದ್ದ ನರ್ಸಿಗೆ ಮಕ್ಕಳು ಟಾರ್ಚಕ್ಕ ಎಂದು ಹೆಸರಿಟ್ಟಿದ್ದವು. ಜೊತೆಗೆ ಎಲ್ಲವನ್ನೂ ಫೋನಿನಲ್ಲಿ ಬರೆದುಕೊಳ್ಳುವ ಗುಮಾಸ್ತನೊಬ್ಬ. ಅವನು ತಲೆ ಎತ್ತಿದ್ದನ್ನು ಕಂಡವರಿಲ್ಲ.

ಜಿಲ್ಲೆಯ ಮೂವತ್ತು ಬೀದಿಗಳನ್ನು ಚೀಟಿ ಎತ್ತಿ ಆರಿಸಿದ್ದರು. ಸಾವಿರ ಮಕ್ಕಳಲ್ಲಿ ಐವತ್ತಕ್ಕೆ ರೋಗ ಕಂಡರೆ ಇಡೀ ಜಿಲ್ಲೆಗೆ, ಕೂಸಿನಿಂದ ಮುದುಕರವರೆಗೆ, ಮಾತ್ರೆ. ಐವತ್ತಕ್ಕೆ ಒಂದು ಕಡಿಮೆಯಾದರೂ ಎರಡು ವರ್ಷ ಕಾಯಬೇಕು. ರೋಗ ಕಂಡ ಮಗುವಿಗೊಂದು ಮುಲಾಮು ಕೊಡುತ್ತಿದ್ದರು, ನಿಜ. ಆದರೆ ಮನೆಮಂದಿಗೆಲ್ಲ ಒಂದೇ ಟವೆಲು, ಒಂದೇ ದಿಂಬು, ಬೀದಿಗೆಲ್ಲ ಅವೇ ನೊಣಗಳು. ಹೋದ ರೋಗ ತಿಂಗಳೊಳಗೆ ವಾಪಸ್ ಬಂದು ಕೂರುತ್ತದೆ. ಎಲ್ಲರೂ ಒಟ್ಟಿಗೆ ಮಾತ್ರೆ ನುಂಗದೆ ಅದು ಕಾಲು ಕೀಳುವುದಿಲ್ಲ.

ಕಾಲು ಕೀಳದಿದ್ದರೆ ಏನಾಗುತ್ತದೆ ಎಂದು ಟಾರ್ಚಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳ ತಾಯಿಯ ರೆಪ್ಪೆ ಒಳಕ್ಕೆ ತಿರುಗಿ ಕೂದಲು ಕಣ್ಣುಗುಡ್ಡೆಯನ್ನು ಕೆರೆಯತೊಡಗಿ ಎಂಟು ವರ್ಷವಾಗಿತ್ತು. ಬೀದಿಗೆಲ್ಲ ಬಟ್ಟೆ ಹೊಲಿದ ಹೆಂಗಸು ಈಗ ಸೂಜಿಗೆ ದಾರ ಪೋಣಿಸಲಾರಳು. ದಿನಾ ಬೆಳಗ್ಗೆ ಚಿಮಟ ಹಿಡಿದು, ಬೆರಳಲ್ಲೇ ತಡಕಿ, ಒಂದೊಂದೇ ಕೂದಲು ಕೀಳುತ್ತಾಳೆ.

ಚೀಟಿಯಲ್ಲಿ ಕೊನೆಗೆ ಬಂದದ್ದು ಆ ತಾಯಿಯ ಬೀದಿ. ಹಿಟ್ಟಿನ ಗಿರಣಿಯಿಂದ ಶುರುವಾಗಿ ಚರಂಡಿಯಲ್ಲಿ ಮುಗಿಯುತ್ತದೆ, ಮಧ್ಯೆ ಇಡೀ ಬೀದಿಗೊಂದು ನಲ್ಲಿ. ಅವತ್ತು ಮಕ್ಕಳು ಮುಖ ಉಜ್ಜಿಸಿಕೊಂಡು, ತಲೆ ಬಾಚಿಸಿಕೊಂಡು ಸಾಲಾಗಿ ನಿಂತಿದ್ದವು. ನೋಡಿದ್ದು ಇಪ್ಪತ್ತನಾಲ್ಕು, ರೋಗ ಇದ್ದದ್ದು ಮೂರಕ್ಕೆ. ಪಟ್ಟಿಯಲ್ಲಿ ಇನ್ನೂ ಹನ್ನೊಂದು ಮಕ್ಕಳಿದ್ದವು. ಕೇಳಿದ ಬಾಗಿಲಲ್ಲೆಲ್ಲ ಒಂದೇ ಉತ್ತರ, ನೆಂಟರ ಮನೆಗೆ ಹೋಗಿದ್ದಾವೆ. ಇಲ್ಲದವರಿಗಾಗಿ ಸಂಜೆ ಇನ್ನೊಮ್ಮೆ ಬರಬೇಕೆಂಬುದು ನಿಯಮ. ಬಂದರು. ಅದೇ ಉತ್ತರ.

ಗುಮಾಸ್ತ ಆವತ್ತು ತಲೆ ಎತ್ತಿದ. "ಹನ್ನೊಂದೂ ಒಂದೇ ದಿನ ನೆಂಟರ ಮನೆಗೆ ಹೋದ್ವಾ?"

"ಮನೇಲಿಲ್ಲ ಅಂತ ಬರ್ಕೊಳಿ," ಅಂದಳು ಟಾರ್ಚಕ್ಕ.

ಅಲೆದು ಅಲೆದು ಅವಳ ಕಾಲು ಬಿದ್ದು ಹೋಗಿತ್ತು, ಒಪ್ಪೋಣ. ಆದರೆ ಕಾರಣ ಅದಷ್ಟೇ ಅಲ್ಲ. ತಾನು ಹುಟ್ಟಿದ ಬೀದಿ ಚೊಕ್ಕವಾಗಿ ಬಂತಲ್ಲ ಎಂಬ ಸಣ್ಣ ಖುಷಿಯೊಂದು ಒಳಗೆ ಕೂತು ಅವಳ ಬಾಯಿ ಮುಚ್ಚಿಸಿತು. ಅದಕ್ಕಾಗಿ ಆಮೇಲೆ ಅವಳು ತನ್ನನ್ನು ಕ್ಷಮಿಸಿಕೊಳ್ಳಲಿಲ್ಲ.

ವಾರದಲ್ಲಿ ಲೆಕ್ಕ ಬಂತು. ನೋಡಿದ ಮಕ್ಕಳು ಸರಿಯಾಗಿ ಸಾವಿರ, ರೋಗ ನಲವತ್ತೇಳಕ್ಕೆ. ಮಾತ್ರೆ ಇಲ್ಲ. ರೋಗ ಹತೋಟಿಯಲ್ಲಿದೆ ಎಂದು ಜಿಲ್ಲೆಯ ಆರೋಗ್ಯಾಧಿಕಾರಿ ಬೀಗಿದರು.

ಭಾನುವಾರ ಟಾರ್ಚಕ್ಕ ತಾಯಿಯ ಮನೆಗೆ ಹೋದಾಗ ಮುದುಕಿ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿತ್ತು.

"ಎಷ್ಟು ಬಂತೇ?"

"ನಲವತ್ತೇಳು."

"ಐವತ್ತರೊಳಗೇ ಇದೆ. ಗೆದ್ದೆ ಬಿಡು." ತಾಯಿಯ ಮುಖ ಅರಳಿತು. "ನೀನು ಬರ್ತೀಯ ಅಂತ ಗೊತ್ತಾಗಿದ್ದೇ ಮನೆ ಮನೆಗೂ ಹೋಗಿ ಹೇಳ್ದೆ, ನನ್ನ ಮಗಳು ಬರ್ತಾಳೆ, ಅವಳ ಮಾನ ಕಳೀಬೇಡಿ ಅಂತ. ಕಣ್ಣು ಕೆಟ್ಟಿರೋ ಹನ್ನೊಂದನ್ನ ಗಿರಣಿ ಹಿಂದಿನ ಕೋಣೇಲಿ ಕೂರಿಸಿಬಿಟ್ಟೆ. ಸಂಜೆ ನೀನು ತಿರುಗಿ ಬಂದಾಗ ಒಂದು ಕೂಸು ಕೆಮ್ಮಿತು ನೋಡು, ನನ್ನ ಜೀವ ಬಾಯಿಗೆ ಬಂತು. ನಿನ್ನ ಸ್ಕೂಲು ಬಟ್ಟೆಗೆ ತೇಪೆ ಕಾಣದ ಹಾಗೆ ಹೊಲೀತಿದ್ನಲ್ಲ, ಹಾಗೇ ಇದೂ."

ಟಾರ್ಚಕ್ಕನಿಗೆ ಮೊದಲು ಸಿಟ್ಟು ಬಂತು, ಕೆಟ್ಟ ಸಿಟ್ಟು. ಆಮೇಲೆ ತಾಯಿಯ ಕೆಂಪು ಕಣ್ಣು ಕಂಡು ಸಿಟ್ಟು ಎಲ್ಲಿಡುವುದೆಂದು ತಿಳಿಯಲಿಲ್ಲ. ನೆಲದ ಮೇಲೆ ಕೂತು, ಐವತ್ತು ದಾಟಿದರೆ ಏನು, ದಾಟದಿದ್ದರೆ ಏನು ಎಂದು ಬಿಡಿಸಿ ಹೇಳಿದಳು. ಆ ಹನ್ನೊಂದು ಸೇರಿದ್ದರೆ ಐವತ್ತೆಂಟಾಗುತ್ತಿತ್ತು ಎಂದಳು.



"ಹಾಗಾದ್ರೆ ಬರಿ," ಅಂದಳು ತಾಯಿ. "ನಾನೇ ಬಚ್ಚಿಟ್ಟೆ ಅಂತ ಬರಿ. ಹೆಬ್ಬೆಟ್ಟು ಒತ್ತುತೀನಿ."

ಟಾರ್ಚಕ್ಕ ಆ ಹನ್ನೊಂದು ಮಕ್ಕಳ ರೆಪ್ಪೆ ಮಡಚಿ ನೋಡಿದಳು. ಹನ್ನೊಂದಕ್ಕೂ ರೋಗ, ಒಂದಕ್ಕಂತೂ ಎಣಿಸಲಾಗದಷ್ಟು ಗುಳ್ಳೆ. ಇದ್ದದ್ದು ಇದ್ದ ಹಾಗೆ, ತಾನು ಕಣ್ಣು ಮುಚ್ಚಿಕೊಂಡದ್ದನ್ನೂ ಸೇರಿಸಿ, ಅಧಿಕಾರಿಗೆ ಬರೆದಳು. ಕೆಲಸ ಹೋದರೆ ಹೋಗಲಿ ಎಂದುಕೊಂಡಳು.

ಮೂರು ವಾರಕ್ಕೆ ಉತ್ತರ ಬಂತು. ಅದನ್ನು ಹಿಡಿದು ಬೀದಿಗೆ ಬಂದರೆ, ತಾಯಿ ಹನ್ನೊಂದು ಮಕ್ಕಳನ್ನೂ ಜಗಲಿಯ ಮೇಲೆ ಸಾಲಾಗಿ ನಿಲ್ಲಿಸಿದ್ದಳು. ಈ ಸಲ ಯಾವ ಮುಖವನ್ನೂ ತೊಳೆಸಿರಲಿಲ್ಲ. ಕಣ್ಣಿನ ಪಿಸುರು ಹಾಗೇ ಇತ್ತು, ನೊಣಗಳೂ ಇದ್ದವು.

"ಓದು," ಅಂದಳು ತಾಯಿ, ಗೋಡೆ ಹಿಡಿದುಕೊಂಡು. "ಮಾತ್ರೆ ಯಾವಾಗ?"

ಟಾರ್ಚಕ್ಕ ಓದಿದಳು. ಮಕ್ಕಳನ್ನು ಮರೆಮಾಚಿರುವುದರಿಂದ ಸದರಿ ಬೀದಿಯ ಮಾಹಿತಿ ನಂಬಲರ್ಹವಲ್ಲ. ಆ ಬೀದಿಯನ್ನೇ ಲೆಕ್ಕದಿಂದ ಕೈಬಿಡಲಾಗಿದೆ. ಉಳಿದ ಒಂಬೈನೂರ ಎಪ್ಪತ್ತಾರು ಮಕ್ಕಳಲ್ಲಿ ರೋಗ ನಲವತ್ತನಾಲ್ಕಕ್ಕೆ, ತಿದ್ದಿದ ಪ್ರಮಾಣ ಸಾವಿರಕ್ಕೆ ನಲವತ್ತೈದು.

"ನಲವತ್ತೇಳು ಇತ್ತಲ್ವಾ?"

"ಇತ್ತು. ನಾವು ನಿಜ ಹೇಳಿದ್ಮೇಲೆ ಇಳೀತು."

ತಾಯಿಗೆ ಮಕ್ಕಳು ಎಲ್ಲಿ ನಿಂತಿವೆಯೆಂದು ಸರಿಯಾಗಿ ಕಾಣುತ್ತಿರಲಿಲ್ಲ. ಅವಳು ಆ ದಿಕ್ಕಿಗೆ ಮುಖ ತಿರುಗಿಸಿ, ಮನೆಗೆ ಹೋಗಿ ಎಂದಳು. ಸಾಲಿನ ಮೊದಲಿಗೆ ನಿಂತಿದ್ದ ನಾಲ್ಕು ವರ್ಷದ ಹುಡುಗಿ, ಟಾರ್ಚಕ್ಕ ಬಂದಳಲ್ಲ ಎಂದು, ಆಗಲೇ ಎರಡು ಬೆರಳಲ್ಲಿ ತನ್ನ ರೆಪ್ಪೆ ಹಿಡಿದುಕೊಂಡು ತಲೆ ಮೇಲೆತ್ತಿ ಕಾಯುತ್ತಿದ್ದಳು.