ಏರಿನಲ್ಲಿ ನಿಲ್ಲುವ ಕಾರು

ನೀರಿನ ಟ್ಯಾಂಕಿನ ಏರಿನಲ್ಲಿ ಅರ್ಧ ಹತ್ತಿ ನಿಂತ ಒಂದು ಕಪ್ಪು ಕಾರು. ಅದರ ಮೈ ಸವರುತ್ತಾ ಹಿಂದಕ್ಕೆ ನಡೆಯುವ ಕಣ್ಣು ಕಾಣದ ಮನುಷ್ಯ. ಆ ಊರು ನೆನಪಾದಾಗಲೆಲ್ಲ ನನ್ನ ಮುಂದೆ ಮೊದಲು ಬಂದು ನಿಲ್ಲುವುದು ಇದೇ.

ನಾನು ಆಗ ಶ್ರೀಕಂಠಯ್ಯನವರ ಹಿತ್ತಿಲ ಮನೆಯಲ್ಲಿ ಬಾಡಿಗೆಗಿದ್ದೆ. ಕಾರು ಅವರದು. ಮದುವೆಗೂ ಮುಂಚೆ ಕೊಂಡದ್ದು. ಬೇರೆ ಯಾರಿಗೂ ಸ್ಟೀರಿಂಗ್ ಮುಟ್ಟಗೊಟ್ಟವರಲ್ಲ. ಕಣ್ಣು ಮಂಜಾಗುತ್ತಾ ಬಂದು ಕೊನೆಗೆ ಪೂರ್ತಿ ಹೋದ ಮೇಲೆ, ಅವರ ಹೆಂಡತಿ ಕಮಲಾಕ್ಷಮ್ಮ ಆ ವಯಸ್ಸಿನಲ್ಲಿ ಹಟ ಹಿಡಿದು ಓಡಿಸಲು ಕಲಿತರು. ಹಟಕ್ಕೆ ಕಾರಣವಿತ್ತು. ಘಟ್ಟದಾಚೆ, ಬಸ್ಸು ಹೋಗದ ಊರಿನಲ್ಲಿ ಅವರ ತಂಗಿ ಹಾಸಿಗೆ ಹಿಡಿದಿದ್ದರು. ಅಕ್ಕ ಬಂದು ನಾಲ್ಕು ದಿನ ಜೊತೆಗಿದ್ದು ಹೋಗಲಿ ಎಂದು ಹೇಳಿಕಳಿಸುತ್ತಲೇ ಇದ್ದರು.

ಕಮಲಾಕ್ಷಮ್ಮ ಕಾರಿಗೆ ಪೂಜೆ ಮಾಡದೆ ಹೊರಟವರಲ್ಲ. ಬಾನೆಟ್ಟಿಗೆ ಅರಿಶಿನ ಕುಂಕುಮ, ಹಿಂದೆ ಪೆಟ್ರೋಲ್ ಮುಚ್ಚಳಕ್ಕೆ ತೇದ ಗಂಧ. "ಅದು ಉಣ್ಣೋ ಬಾಯಿ ಅಲ್ವೇನಪ್ಪ" ಎನ್ನುತ್ತಿದ್ದರು. ಅಷ್ಟು ಉಪಚಾರ ಮಾಡಿಸಿಕೊಂಡೂ ಕಾರು ದಿನಾ ಏರಿನಲ್ಲಿ ಕೆಮ್ಮಿ, ನಡುಗಿ, ಸುಮ್ಮನಾಗುತ್ತಿತ್ತು. ಆಗ ಪಕ್ಕದ ಸೀಟಿನಿಂದ ಶ್ರೀಕಂಠಯ್ಯ ಇಳಿದು ಹಿಂದೆ ಹೋಗಿ, ಬೆನ್ನು ತಟ್ಟಿ ಬಂದು, "ಈಗ ನೋಡು" ಎನ್ನುವರು. ಕಾರು ಹೊರಡುವುದು.

"ಅವರ ಕೈಗುಣ. ನನ್ನ ಕಂಡ್ರೆ ಇದಕ್ಕಾಗಲ್ಲ" ಎಂದು ಕಮಲಾಕ್ಷಮ್ಮ ನಿಟ್ಟುಸಿರು ಬಿಡುವರು.

"ಇದನ್ನ ನಂಬಿ ಘಟ್ಟ ಹತ್ತುತೀಯಾ?" ಎಂದು ಶ್ರೀಕಂಠಯ್ಯ ಕೇಳುವರು. ಅಲ್ಲಿಗೆ ತಂಗಿಯ ಮಾತು ಮುಗಿಯುತ್ತಿತ್ತು.

ನನಗೆ ಎಂಜಿನ್ನುಗಳ ಹುಚ್ಚು. ಕೈಗುಣದಲ್ಲಿ ನಂಬಿಕೆ ಕಡಿಮೆ. ಕಾರ್ಬುರೇಟರ್ ಬಿಚ್ಚಿ ತೊಳೆದೆ. ಪೈಪುಗಳನ್ನು ಊದಿ ನೋಡಿದೆ. ಪೆಟ್ರೋಲ್ ಪಂಪನ್ನು ಕಳಚಿ ಜೋಡಿಸಿದೆ. ಎಲ್ಲವೂ ಸರಿಯಾಗಿಯೇ ಇತ್ತು. ಮರುದಿನ ಹಿಂದಿನ ಸೀಟಿನಲ್ಲಿ ಕುಳಿತು ನಾನೂ ಹೋದೆ. ಕಾರು ಮತ್ತೆ ನಿಂತಿತು. ಶ್ರೀಕಂಠಯ್ಯನವರ ಬೆನ್ನಿಗೇ ನಾನೂ ಇಳಿದೆ.

ಅವರು ಮೊದಲೇ ಕಾರಿನ ಬೆನ್ನು ತಟ್ಟಲಿಲ್ಲ. ಪೆಟ್ರೋಲ್ ಮುಚ್ಚಳವನ್ನು ಮೆಲ್ಲಗೆ ಸಡಿಲಿಸಿದರು. ಸುಯ್ಯೆಂದು ಗಾಳಿ ಒಳಗೆ ಹೋಯಿತು. ಮತ್ತೆ ಬಿಗಿದು, ನಂತರ ತಟ್ಟಿದರು.

ನನಗೆ ಆಗ ಹೊಳೆಯಿತು. ಟ್ಯಾಂಕಿನ ಪೆಟ್ರೋಲ್ ಖಾಲಿಯಾಗುತ್ತಾ ಬಂದಂತೆ ಆ ಜಾಗಕ್ಕೆ ಗಾಳಿ ಬರಬೇಕು, ಇಲ್ಲದಿದ್ದರೆ ಪೆಟ್ರೋಲ್ ಎಂಜಿನ್ನಿಗೆ ಹರಿಯದು. ಅದಕ್ಕೆಂದೇ ಮುಚ್ಚಳದಲ್ಲಿದ್ದ ಸಣ್ಣ ತೂತನ್ನು ಕಮಲಾಕ್ಷಮ್ಮನ ಗಂಧ ಮುಚ್ಚಿಬಿಟ್ಟಿತ್ತು.

"ಸಾರ್, ನಿಮಗೆ ಗೊತ್ತಿತ್ತು."

"ಮೆತ್ತಗೆ ಮಾತಾಡಯ್ಯ" ಎಂದರು. "ಸರಿಯಾಗಿ ಓಡೋ ಕಾರಿನಲ್ಲಿ ಕುರುಡನಿಗೇನು ಕೆಲಸ? ಇಲ್ಲಿ ಇಳಿದಾಗ ಮಾತ್ರ ನಾನೂ ಒಬ್ಬ ಮನುಷ್ಯ ಅನ್ನಿಸುತ್ತೆ."

ನನಗೆ ಕೋಪ ಬಂತು, ಅದರ ಹಿಂದೆಯೇ ಅಯ್ಯೋ ಪಾಪವೂ ಅನ್ನಿಸಿತು. ಹೇಳುವುದಿಲ್ಲ ಎಂದು ಮಾತು ಕೊಡಲಿಲ್ಲ.

ಬೆಳಗ್ಗೆ ಕಮಲಾಕ್ಷಮ್ಮ ಗಂಧದ ಬಟ್ಟಲು ಹಿಡಿದು ಬಂದಾಗ ತೂತನ್ನು ತೋರಿಸಿದೆ. ಸೂಜಿಯಿಂದ ಚುಚ್ಚಿ, ಒಣಗಿದ ಗಂಧವನ್ನು ತೆಗೆದೆ. ಅವರು ಬಹಳ ಹೊತ್ತು ಮುಚ್ಚಳವನ್ನೇ ನೋಡುತ್ತಿದ್ದರು.

"ಇವರು ಹಿಂದೆ ಹೋಗಿ ಮಾಡ್ತಿದ್ದದ್ದು ಇದೇನಾ?"

ನಾನು ಸೂಜಿಗೆ ಅಂಟಿದ ಗಂಧವನ್ನು ಒರೆಸತೊಡಗಿದೆ.

"ತಂಗಿ ಅಲ್ಲಿ ಒದ್ದಾಡ್ತಿದಾಳೆ ಅಂತ ಗೊತ್ತಿದ್ದೂ..." ಎಂದರು. ಆ ದಿನ ಪೂಜೆ ಬಾನೆಟ್ಟಿಗಷ್ಟೇ ಆಯಿತು.

ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಕಾರು ಏರನ್ನು ಸಲೀಸಾಗಿ ಹತ್ತಿತು. ಬಾಗಿಲ ಹಿಡಿಯ ಮೇಲೆ ಆಗಲೇ ಇಟ್ಟಿದ್ದ ಕೈಯನ್ನು ಶ್ರೀಕಂಠಯ್ಯ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಕಮಲಾಕ್ಷಮ್ಮ ಒಮ್ಮೆ ಅವರತ್ತ ತಿರುಗಿ ನೋಡಿದರು. ಏರು ದಾಟಿ ಸ್ವಲ್ಪ ದೂರದಲ್ಲಿ ಕಾರು ನಿಂತಿತು.

"ನಿಂತೋಯ್ತು ನೋಡಿ. ಒಂಚೂರು ಹಿಂದೆ ಹೋಗಿ ಬರ್ತೀರಾ?"

ಶ್ರೀಕಂಠಯ್ಯ ಕದಲಲಿಲ್ಲ. "ಕೀಲಿ ತಿರುಗಿಸಿ ನಿಲ್ಲಿಸಿದೆ ನೀನು. ಪೆಟ್ರೋಲ್ ಸಿಗದೆ ನಿಂತಿದ್ರೆ ಕೆಮ್ಮುತಿತ್ತು."

ಕಮಲಾಕ್ಷಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಶ್ರೀಕಂಠಯ್ಯ ಇಳಿದು, ನನಗೂ ಇಳಿಯಲು ಹೇಳಿ, ಬಾಗಿಲು ಹಾಕಿದರು.

"ಹೊರಡು. ತಂಗೀನ ನೋಡ್ಕೊಂಡು ಬಾ."

"ಈಗ್ಲೇನಾ? ಬಟ್ಟೆಬರೆ?"

"ಅವಳದ್ದೇ ಉಟ್ಕೊ."

"ನಿಮ್ಮ ಊಟ?"

"ಇವನಿದಾನಲ್ಲ. ಏನೋ ಬೇಯಿಸಿ ಹಾಕ್ತಾನೆ. ಘಟ್ಟದಲ್ಲಿ ಎರಡನೇ ಗೇರಿನಲ್ಲೇ ಹೋಗು, ಅವಸರ ಬೇಡ."

ಕಾರು ಹೊರಟಿತು. ಅವರು ನನ್ನ ತೋಳು ಹಿಡಿದು, ತಲೆ ವಾಲಿಸಿ ನಿಂತರು. "ಎರಡು" ಎಂದರು. ಆಮೇಲೆ, "ಮೂರು." ತಿರುವಿನಲ್ಲಿ ಕಾರು ಮರೆಯಾಯಿತು. ಸದ್ದೂ ಸಣ್ಣದಾಗುತ್ತಾ ಹೋಗಿ ನಿಂತಿತು. ಬನ್ನಿ ಸಾರ್, ಹೋಗೋಣ ಎಂದೆ.

"ಇರು" ಎಂದರು. ನನಗೆ ಗಾಳಿಯಲ್ಲದೆ ಬೇರೇನೂ ಕೇಳಿಸುತ್ತಿರಲಿಲ್ಲ. ತುಸು ಹೊತ್ತಿನ ಮೇಲೆ ಅವರು ಮೆಲ್ಲಗೆ ಹೇಳಿದರು: "ನಾಲ್ಕಕ್ಕೆ ಹಾಕಿದಳು."