ನೂರು ಎಣಿಸುವಷ್ಟರಲ್ಲಿ

"ಅಯ್ಯೋ, ನಿಂಗೂ ಇದೇ ಮಾತ್ರೆನಾ!" ಆಸ್ಪತ್ರೆಯ ಮೆಟ್ಟಿಲ ಮೇಲೇ ಅಕ್ಕ ಎರಡೂ ಚೀಟಿಗಳನ್ನು ಜೋಡಿಸಿ ಹಿಡಿದು ನಕ್ಕಳು. "ಅಮ್ಮ ಬಿಟ್ಟು ಹೋದ ಆಸ್ತಿ ಇದೊಂದೇ ಕಣೇ. ಅದನ್ನಾದ್ರೂ ಸಮಪಾಲು ಮಾಡಿದಾಳೆ."

ಸಮಪಾಲಂತೆ! ತಂಗಿಯ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಇಬ್ಬರೂ ಒಂದೇ ದಿನ ಗಾಜಿನ ಕಾರ್ಖಾನೆಗೆ ಸೇರಿದವರು. ಇಪ್ಪತ್ತು ವರ್ಷವಾದರೂ ಇವಳು ಕತ್ತರಿಸುವ ಮೇಜಿನ ಮುಂದೆ ನಿಂತೇ ಇದ್ದಾಳೆ. ಅಕ್ಕನ ಅಕ್ಷರ ದುಂಡಗಿತ್ತು. ಗಾಜಿಗೆ ಹೆಸರಿನ ಚೀಟಿ ಬರೆದು ಅಂಟಿಸುವ ಕುರ್ಚಿ ಸಿಕ್ಕಿತು. ಅಲ್ಲಿ ಹೆಂಗಸರಿಗೆ ಇರುವುದೇ ಅದೊಂದು ಕುರ್ಚಿ.

ಡಾಕ್ಟರು ಅಕ್ಕನನ್ನು ಎರಡೇ ನಿಮಿಷದಲ್ಲಿ ಕಳಿಸಿದ್ದರು. "ತಾಳ ತಪ್ಪಿದ ಹೃದಯದಲ್ಲಿ ರಕ್ತ ಹೆಪ್ಪುಗಟ್ಟಿ ತಲೆಗೇರಿದ್ರೆ ಲಕ್ವ. ಮಾತ್ರೆಯಿಂದ ಆ ಭಯ ಕಡಿಮೆ. ಆದ್ರೆ ಗಾಯವಾದ್ರೆ ರಕ್ತ ಬೇಗ ನಿಲ್ಲಲ್ಲ. ತೂಗಿ ನೋಡಿದ್ರೆ ತಗೊಳ್ಳೋದೇ ಮೇಲು." ಇವಳ ಸರದಿಗೆ ಅವರ ಕಣ್ಣು ಗೀರು ತುಂಬಿದ ಬೆರಳುಗಳ ಮೇಲೆ ನಿಂತಿತು. "ನಿಮಗೂ ತಗೊಳ್ಳೋದೇ ಮೇಲು. ಆದ್ರೆ ಕೆಲಸ ಬದಲಾಯಿಸಿ, ಇಲ್ಲಾ ಕೈಗವಸು ಹಾಕ್ಕೊಳ್ಳಿ." ಅವರ ತಕ್ಕಡಿಯಲ್ಲಿ ಹೃದಯವಿತ್ತು, ರಕ್ತವಿತ್ತು, ಅನ್ನವಿರಲಿಲ್ಲ.

ಕೈಗವಸು ಕೇಳಿದ್ದಕ್ಕೆ ಮೇಸ್ತ್ರಿ ಹಲ್ಲು ಕಿರಿದ. "ಮಹಾರಾಣಿ ಬಂದ್ಲು ನೋಡ್ರಪ್ಪಾ, ಗಾಜನ್ನ ಬಟ್ಟೆ ಸುತ್ಕೊಂಡು ಮುಟ್ತಾಳಂತೆ!" ಅವನ ಕಾನೂನೇ ಬೇರೆ. ಗಾಯವಾದವಳು ಬೆರಳು ಒತ್ತಿ ನಿಲ್ಲಬೇಕು. ಔಷಧದ ಡಬ್ಬವನ್ನೂ ಕಾಯುವ ಕುರ್ಚಿಯವಳು, ಅಂದರೆ ಅಕ್ಕ, ನೂರು ಎಣಿಸಬೇಕು. ಅಷ್ಟರಲ್ಲಿ ರಕ್ತ ನಿಂತರೆ ಮೇಜಿಗೆ, ನಿಲ್ಲದಿದ್ದರೆ ಕೆಲಸ ಬಿಟ್ಟು ಮನೆಗೆ. ಗಾಜಿಗೆ ಕಲೆ ಮಾಡುವವಳು ಅವನಿಗೆ ಬೇಡ.

"ಚೀಟಿ ಹರಿದು ಬಿಸಾಕ್ದೆ," ಎಂದು ತಂಗಿ ಅಕ್ಕನಿಗೆ ಸುಳ್ಳು ಹೇಳಿದಳು. ಅಕ್ಕನ ಮಗಳು ಕೆಲಸಕ್ಕೆ ಕಾದು ಕೂತಿದ್ದಳು. ಮೇಜಿನ ಮುಂದೆ ಒಂದು ಜಾಗ ಖಾಲಿಯಾದರೆ ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಆದರೆ ಬಾಯಿ ಸೊಟ್ಟಗಾಗಿ, ಮಕ್ಕಳ ಹೆಸರೂ ಹೊರಡದೆ ಮೂರು ವರ್ಷ ಮಲಗಿದ್ದ ಅಮ್ಮ ಕಣ್ಣಿಂದ ಕದಲಲಿಲ್ಲ. ಒಂದು ವಾರ ತೂಗಿ ತೂಗಿ, ಎಂಟನೇ ದಿನ ಅವಳು ಮಾತ್ರೆ ನುಂಗಿದಳು.

ಐದು ದಿನ ಜೋಪಾನವಾಗಿ ಕಳೆಯಿತು. ಆರನೆಯ ದಿನ ಮಧ್ಯಾಹ್ನ ಗಾಜಿನ ಹಲಗೆಯೊಂದು ಜಾರಿ ತೋರುಬೆರಳನ್ನು ಸೀಳಿತು.

"ಬಾ ಇಲ್ಲಿ. ಒತ್ತಿ ಹಿಡಿ. ಒಂದು, ಎರಡು..."

ಅಕ್ಕನ ಎಣಿಕೆಗೆ ಯಾವಾಗಲೂ ಓಟದ ಕಾಲು. ನಲವತ್ತಕ್ಕೆ ಮೊದಲ ಬಟ್ಟೆ ನೆನೆಯಿತು. ಅರವತ್ತಕ್ಕೆ ಎರಡನೆಯದು. ಅಕ್ಕ ತಲೆಯೆತ್ತಿ ಅವಳ ಮುಖ ನೋಡಿದಳು. ಮಾತ್ರೆ ನುಂಗಿದ್ದು ಅಕ್ಕನಿಗೆ ಗೊತ್ತಾಗಿಹೋಯಿತು. ಇನ್ನೇನು, ಬಾಯಿಬಿಟ್ಟರೆ ಮುಗಿಯಿತು. ಎಣಿಸು, ಬೇಗ ಎಣಿಸು, ಮಗಳನ್ನು ತಂದು ನಿಲ್ಲಿಸು ಎಂದು ತಂಗಿ ಹಲ್ಲು ಕಚ್ಚಿದಳು.

ತೊಂಬತ್ತೊಂದಾಗುವಾಗ ಮೇಸ್ತ್ರಿ ಬಾಗಿಲಲ್ಲಿ ಇಣುಕಿದ. "ಏನಮ್ಮಾ, ಇನ್ನೂ ಆಗ್ಲಿಲ್ವಾ?"

"ತಪ್ಪಿಸಿಬಿಟ್ರಲ್ಲ ಸ್ವಾಮಿ!" ಅಕ್ಕ ರೇಗಿದಳು. "ಎಣಿಸೋವಾಗ ಯಾರಾದ್ರೂ ಮಾತಾಡಿಸ್ತಾರಾ? ಮೊದಲಿಂದ ಶುರು ಮಾಡ್ಬೇಕು ಈಗ. ಒಂದು..."

ಹಾಗೆನ್ನುತ್ತಲೇ ತಂಗಿಯ ಬೆರಳನ್ನು ಕಸಿದುಕೊಂಡು, ತನ್ನ ಹೆಬ್ಬೆರಳಿನಿಂದ ಬಲವಾಗಿ ಅದುಮಿದಳು. ಆಗಲೂ ತಂಗಿಯ ಕಣ್ಣಿಗೆ ಮೊದಲು ಬಿದ್ದದ್ದು ಆ ಹೆಬ್ಬೆರಳೇ. ಇಪ್ಪತ್ತು ವರ್ಷದಲ್ಲಿ ಒಂದು ಗೀರೂ ಇಲ್ಲ. ಅದರ ಉಗುರಂಚಿಗೆ ಕೆಂಪು ಮೆಲ್ಲಗೆ ಏರುತ್ತಿತ್ತು.

"ಎರಡು," ಎಂದಳು ಅಕ್ಕ.