ಸಿಡಿಲವ್ವನ ಸೆರಗು

ಆ ವಿಡಿಯೋದಲ್ಲಿ ಕಿರುಚುತ್ತಿರುವ ಮುದುಕ ನಾನೇ. ಈ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಕೇಳಿ ಕೇಳಿ ಸಾಕುಮಾಡಿದ್ದೀರಿ, ಅದಕ್ಕೇ ಒಮ್ಮೆಲೇ ಹೇಳಿಬಿಡುತ್ತೇನೆ. ಬರೆಯಲು ಹೋದರೆ ನನ್ನ ಹೆಬ್ಬೆರಳು ಒಂದಕ್ಷರ ಒತ್ತಿ ಮೂರು ಬೀಳಿಸುತ್ತದೆ, ಹಾಗಾಗಿ ಬಾಯಲ್ಲೇ ಕೇಳಿಸಿಕೊಳ್ಳಿ. ಉದ್ದವಾಯಿತೆಂದು ಯಾರೂ ಓಡಿಸಿ ಓಡಿಸಿ ಕೇಳಬೇಡಿ, ನನ್ನ ದನಿ ಇಲಿಯಂತಾಗುತ್ತದೆ.

ವಯಸ್ಸಿನಲ್ಲಿ ನಾನು ಊರ ನಾಟಕಗಳ ಹೀರೋಯಿನ್ನು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ನಾಟಕ ಎಲ್ಲಿದ್ದರೂ ಹೆಣ್ಣು ಪಾತ್ರಕ್ಕೆ ನಿಜಲಿಂಗಪ್ಪನೇ ಬೇಕು. ನಿಜಲಿಂಗವ್ವ ಎಂದೇ ಕರೆಯುತ್ತಿದ್ದರು. ನಾನು ಅತ್ತರೆ ಮುಂದಿನ ಸಾಲಿನ ಗೌಡರು ಮೂಗು ಒರೆಸಿಕೊಳ್ಳುತ್ತಿದ್ದರು. ಮೂರ್ಛೆ ಬಿದ್ದರೆ ಒನ್ಸ್ ಮೋರ್! ಎದ್ದು, ಸೀರೆ ಸರಿಮಾಡಿಕೊಂಡು, ಮತ್ತೆ ಬೀಳುತ್ತಿದ್ದೆ. ಆಮೇಲೆ ಹೆಣ್ಣು ಪಾತ್ರಕ್ಕೆ ಹೆಂಗಸರೇ ಬಂದರು. ನನ್ನ ಹೆಸರು ಹ್ಯಾಂಡ್‌ಬಿಲ್ಲಿನಿಂದ ಹೋಯಿತು, ಹೆಸರಿನ ಚಟ ಮಾತ್ರ ಹೋಗಲಿಲ್ಲ.

ಹೀಗಿರುವಾಗ ಶಾನವಾಜ ಬಂದ. ಲಕ್ಷ್ಮೇಶ್ವರದ ಬಜಾರಿನಲ್ಲಿ ಮೊಬೈಲ್ ರಿಪೇರಿ ಮಾಡುತ್ತಾನೆ, ರಿಪೇರಿಗೆ ಬಂದ ಮೊಬೈಲಿನಲ್ಲೇ ಸಿನಿಮಾ ತೆಗೆಯುತ್ತಾನೆ.

"ಅಜ್ಜಾರ, ಸೂಪರ್‌ಹೀರೋ ಪಿಚ್ಚರ್ ಮಾಡಾಕತ್ತೇನಿ. ಸಿಡಿಲವ್ವ ಅಂತ. ಇದರಾಗ ಹುಡುಗಿನ ಹೀರೋ. ನೀವು ಆಕಿಗೆ ಸ್ವಲ್ಪ ಹೆಣ್ತನ ಕಲಸ್ರಿ."

"ಹುಡುಗಿಗೆ ನಾ ಹೆಣ್ತನ ಕಲಸಬೇಕೇನಲೇ?"

"ಆಕಿ ಕಬಡ್ಡಿ ಆಡಾಕಿ ಅದಾಳರಿ. ನಡದು ಬಂದ್ರ ಎತ್ತು ಬಂದಂಗ ಆಕ್ಕೈತಿ."

"ನನ್ನ ಹೆಸರು ಹಾಕ್ತೀಯಿಲ್ಲೋ?"

"ನಟನಾ ಗುರು ನಿಜಲಿಂಗಪ್ಪ ಅಂತ, ಪರದಿ ತುಂಬ ಹಾಕ್ತೇನ್ರಿ!"

ಪರದೆ ತುಂಬ ಎಂದ ಮೇಲೆ ನಾನು ಇನ್ನೇನೂ ಕೇಳಲಿಲ್ಲ.

ಮಾದರಿಗೆಂದು ಅವನು ನನಗೆ ಪರದೇಶದ ನಾಲ್ಕಾರು ಸಿನಿಮಾ ತೋರಿಸಿದ. ಹೊಸದೇನೋ ಇರುತ್ತದೆ ಎಂದು ಕನ್ನಡಕ ಒರೆಸಿಕೊಂಡು ಕುಳಿತರೆ, ಅಲ್ಲಿದ್ದವಳೂ ನಾನೇ! ಗಂಡಸರಿಗೆಲ್ಲ ತಲೆಯಿಂದ ಕಾಲಿನವರೆಗೆ ಕಬ್ಬಿಣ, ಇವಳಿಗೆ ಮಾತ್ರ ಹೊಟ್ಟೆ ಬಯಲು. ಗುಂಡುಗಳು ಮರ್ಯಾದಸ್ಥರ ಮನೆಯವು ಇರಬೇಕು, ಅತ್ತ ಕಡೆ ಸುಳಿಯುವುದಿಲ್ಲ. ಎತ್ತರದ ಹಿಮ್ಮಡಿಯ ಬೂಟಿನಲ್ಲಿ ಓಡಿದರೂ ಕಾಲು ಉಳುಕುವುದಿಲ್ಲ, ಹತ್ತು ಜನರನ್ನು ಬಡಿದರೂ ತುಟಿಯ ಬಣ್ಣ ಅಳಿಸುವುದಿಲ್ಲ. ಇಷ್ಟೆಲ್ಲ ಮಾಡಿ ಕೊನೆಗೆ ಖಳನಾಯಕನ ಕೈಗೆ ಸಿಕ್ಕು, ಹೀರೋ ಬರುವ ದಾರಿ ನೋಡುತ್ತಾಳೆ. ಹೀರೋ ಉಳಿಸಿದವಳೇ ಹೀರೋಯಿನ್ನು ಎಂದು ಶಾನವಾಜನಿಗೂ ಹೇಳಿದೆ. ಕೂದಲು ಹಾರಿಸುವುದೊಂದು ಬಿಟ್ಟರೆ ಎಲ್ಲವೂ ನನ್ನ ಪಾತ್ರವೇ. ನನ್ನದು ವಿಗ್ಗು, ಹಾರಿದ್ದರೆ ನಾಟಕವೇ ಮುಗಿಯುತ್ತಿತ್ತು.

ಒಂದೇ ಒಂದು ನನಗೆ ಸರಿಬರಲಿಲ್ಲ. ಬೆನ್ನ ಹಿಂದೆ ಹಾರುವ ಆ ಬಟ್ಟೆ. ಕೇಪ್ ಎಂದ ಶಾನವಾಜ. ನನ್ನ ಕಣ್ಣಿಗೆ ಅದು ಜಾರಿಬಿದ್ದ ಸೆರಗು. ಇಷ್ಟು ದೊಡ್ಡ ಸಿನಿಮಾ ತೆಗೆದವರಿಗೆ ಸೆರಗು ಹಿಡಿಯುವುದನ್ನು ಕಲಿಸುವ ಒಬ್ಬ ಹಿರಿಯ ಸಿಗಲಿಲ್ಲವಲ್ಲ ಎಂದು ಮರುಗಿದೆ. ಆ ಹಿರಿಯ ನಾನೇ ಎಂದೂ ಅನ್ನಿಸಿತು.

ಸಿಡಿಲವ್ವನ ಪಾತ್ರದ ಮಮತಾ ಶಿಗ್ಲಿಯವಳು. ತೋಳು ನೋಡಿದರೆ ನನ್ನ ತೊಡೆ ನಾಚಬೇಕು. ಮೊದಲ ದಿನವೇ ನಮ್ಮ ಅಂಗಳದಲ್ಲಿ ಪಾಠ ಶುರು ಮಾಡಿದೆ.

"ಎಡಗೈ ಎದಿಮ್ಯಾಲ ಇರಲಿ. ಸೆರಗು ಹಿಡಿ. ಬಲಗೈಲೆ ಹೊಡಿ."

"ಇದು ಸೆರಗಲ್ಲರಿ ಅಜ್ಜಾರ, ಕೇಪ್."

"ಹೆಣ್ಣಿನ ಮೈಮ್ಯಾಲ ಬಂತಂದ್ರ ಅದು ಸೆರಗವಾ."

"ಗಂಡಸರು ಹಾಕ್ಕೊಂಡ್ರ?"

"ಗಂಡಸರು ಹಾಕ್ಕೊಂಡ್ರ ಟಾವೆಲ್ಲು."

ಕಟ್ಟೆಯ ಮೇಲೆ ಕಾಳು ಹಸನು ಮಾಡುತ್ತಿದ್ದ ನನ್ನ ಹೆಂಡತಿ ಬಸವಣ್ಣೆವ್ವ ಮೊರ ಕೆಳಗಿಟ್ಟಳು. "ಒಂದ ಕೈಲೆ ಹೊಡದು ಲೋಕ ಉಳಸ್ತಾಳೇನು? ನಾ ಎರಡೂ ಕೈಲೆ ದುಡದ್ರೂ ಈ ಒಬ್ಬ ಮುದುಕನ್ನ ಉಳಸೂದ ಸಾಕಾಗೇತಿ."

ಅವಳಿಗೆ ಕಲೆ ತಿಳಿಯುವುದಿಲ್ಲ ಎಂದು ಪಾಠ ಮುಂದುವರಿಸಿದೆ.

ಕೊನೆಯ ದೃಶ್ಯ ಶಿಗ್ಲಿಯ ಹೊಲದಲ್ಲಿ. ಖಳನಾಯಕ ಒಂದು ಆಡಿನ ಮರಿಯನ್ನು ಜೋಳದ ಕಣಿಕೆಯ ಬಣವೆಯ ಮೇಲೆ ಬಿಟ್ಟು ಹೋಗಿದ್ದಾನೆ, ಸಿಡಿಲವ್ವ ಏರಿ ಉಳಿಸಬೇಕು. ಮಮತಾ ಎರಡೂ ಕೈಯಿಂದ ಏಣಿ ಹಿಡಿದಳು. ಕೇಪ್ ಹಿಂದಕ್ಕೆ ಹೋಯಿತು.

"ಸೆರಗು! ಸೆರಗು!" ಎಂದು ಕೂಗಿದೆ.

ಅವಳು ಇಳಿದು ಬಂದಳು. "ಶಾನವಾಜ್, ನನಗ ಎರಡೂ ಕೈ ಬೇಕು. ಇಲ್ಲಂದ್ರ ನಾ ಒಲ್ಲೆ, ಬ್ಯಾರೇದಾಕೀನ ಹುಡುಕ್ಕೋ."

"ಅಜ್ಜಾರ, ಬಿಟ್ಟಬಿಡ್ರಲ್ಲ," ಎಂದ ಶಾನವಾಜ.

"ಬಿಟ್ರ ನಾ ಎದರ ಗುರುನಲೇ?" ಎಂದೆ. ಪರದೆ ತುಂಬ ಬರಬೇಕಾದ ಹೆಸರು ಕಣ್ಣೆದುರೇ ಅಳಿಸಿಹೋಗುತ್ತಿತ್ತು. "ಸರೀರಿ. ನಾ ಏರಿ ತೋರಸ್ತೇನಿ."

ತಾಲೀಮಿಗೆಂದು ಬಸವಣ್ಣೆವ್ವನ ಹಳೇ ಸೀರೆಯ ತುಂಡು ತಂದಿದ್ದೆ. ಅದನ್ನೇ ಕೊರಳಿಗೆ ಕಟ್ಟಿ, ಎಡಗೈಯಿಂದ ಎದೆಗೊತ್ತಿ ಹಿಡಿದು, ಬಲಗೈಯಿಂದ ಏಣಿ ಏರಿದೆ. ಚೆನ್ನಾಗಿಯೇ ಏರಿದೆ. ಸುಳ್ಳೇಕೆ, ಮೇಲಿನಿಂದ ಎಲ್ಲರ ಕಡೆ ತಿರುಗಿ ಒಂದು ನಗೆಯನ್ನೂ ಬೀರಿದೆ. ಆ ಆಡಿನ ಮರಿ ಹತ್ತಿರ ಬಂದು ನನ್ನ ಸೆರಗಿನ ಚುಂಗು ಬಾಯಿಗೆ ಹಾಕಿಕೊಂಡಿತು. ನಾನು ಎಳೆದೆ. ಅದೂ ಎಳೆಯಿತು. ಕಾಲು ಒದ್ದಾಡಿದ ರಭಸಕ್ಕೆ ಏಣಿ ಕೆಳಗೆ ಬಿತ್ತು. ಬಲಗೈಯಲ್ಲಿ ನಾಲ್ಕು ಕಣಿಕೆ ಹಿಡಿದು ಬಣವೆಯ ಪಕ್ಕಕ್ಕೆ ಜೋತುಬಿದ್ದೆ.

"ಅಜ್ಜಾರ, ಎಡಗೈಲೆ ಹಿಡ್ಕೋರಿ!" ಎಂದು ಮಮತಾ ಕೂಗಿದಳು.

ಎಡಗೈ ಎದೆ ಬಿಟ್ಟು ಬರಲೊಲ್ಲದು! ಪ್ರಾಣ ಹೋದರೂ ಸೆರಗು ಜಾರಬಾರದು ಎಂದು ಅದಕ್ಕೆ ಕಲಿಸಿದವನೇ ನಾನು. ಕಣಿಕೆ ಒಂದೊಂದಾಗಿ ಕಿತ್ತು ಬರತೊಡಗಿದವು. ಆಗ ನಾನು ಕಿರುಚಿದ್ದೇ ನೀವೆಲ್ಲ ಕೇಳಿದ್ದು. ಗಂಡು ದನಿಯಲ್ಲಿ ಕಿರುಚಬಾರದಿತ್ತೇ? ಬಾಯಿಗೆ ಬಂದದ್ದು ಹಳೇ ನಾಟಕದ ದನಿ: "ಅಯ್ಯೋ, ಈ ಅಬಲೆಯನ್ನು ಯಾರಾದರೂ ಕಾಪಾಡಿರಿ!"

ಮಮತಾ ಹಿಂದಿನ ಕೇಪನ್ನು ಒಂದೇ ಎಳೆತಕ್ಕೆ ಮುಂದೆ ತಂದಳು, ನಡಕ್ಕೆ ಸಿಗಿಸಿದಳು, ಏಣಿ ಎತ್ತಿ ಹಚ್ಚಿದಳು. ಆ ಸಿಗಿಸಿದ್ದನ್ನು ನಾನು ಜೋತುಬಿದ್ದಲ್ಲಿಂದಲೇ ನೋಡಿದೆ. ಕಳೆ ತೆಗೆಯುವ ಮುಂಚೆ, ನಳದ ಹತ್ತಿರ ಜಗಳಕ್ಕೆ ನಿಲ್ಲುವ ಮುಂಚೆ ನಮ್ಮ ಹೆಂಗಸರು ಸಿಗಿಸುವ ಹಾಗೆಯೇ. ಬಸವಣ್ಣೆವ್ವ ದಿನಾ ಬೆಳಿಗ್ಗೆ ನನ್ನ ಮೂಗಿನ ಮುಂದೆಯೇ ಸಿಗಿಸುತ್ತಾಳೆ. ಅಷ್ಟು ವರ್ಷ ಸೀರೆಯುಟ್ಟು ಕುಣಿದ ನಾನು ಒಮ್ಮೆಯೂ ಸಿಗಿಸಿದವನಲ್ಲ. ಯಾಕೆ ಸಿಗಿಸಲಿ? ನನ್ನ ಹೆಂಗಸರಿಗೆ ಅಳುವುದು, ಕಾಯುವುದು, ಬೀಳುವುದು ಬಿಟ್ಟರೆ ಕೆಲಸವನ್ನೇ ಯಾರೂ ಬರೆದಿರಲಿಲ್ಲ.

ಅವಳು ನನ್ನನ್ನು ಜೋಳದ ಚೀಲದ ಹಾಗೆ ಹೆಗಲಿಗೆ ಹಾಕಿಕೊಂಡು ಇಳಿಸಿದಳು. ನೆಲ ಮುಟ್ಟಿದ ಕೂಡಲೇ ನಾನು ಮೂರ್ಛೆ ಬಿದ್ದೆ. ಖರೆ ಮೂರ್ಛೆಯಲ್ಲ, ರೂಢಿ.

ಒಂದು ಕಣ್ಣು ತೆರೆದು ನೋಡಿದರೆ ಮೊಬೈಲ್ ಇನ್ನೂ ನನ್ನ ಕಡೆಗೇ ಇದೆ. "ಕಟ್ ಅನ್ನಲೇ, ಭಾಡ್ಯಾ!"

"ತಡೀರಿ ಅಜ್ಜಾರ, ಭಾಳ ಛಂದ ಬರಾಕತ್ತೈತಿ. ಇನ್ನೊಮ್ಮಿ ಚೀರ್ರಿ!"

ಸಿನಿಮಾವನ್ನು ಬೆಟಗೇರಿಯಲ್ಲಿ ಅವನ ಮಾವನ ಮನೆಯ ಮಾಳಿಗೆಯ ಮೇಲೆ ಬೆಡ್‌ಶೀಟು ಕಟ್ಟಿ ತೋರಿಸಿದ. ಆಡಿನ ಮರಿಯನ್ನು ಕತ್ತರಿಸಿ ನನ್ನನ್ನು ಉಳಿಸಿಕೊಂಡಿದ್ದ. ಕೊನೆಗೆ ಹೆಸರುಗಳು ಬಂದವು. 'ಹೀರೋ: ಮಮತಾ.' ಅದರ ಹಿಂದೆಯೇ, ಪರದೆ ತುಂಬ: 'ಹೀರೋಯಿನ್: ನಿಜಲಿಂಗಪ್ಪ.'

"ಏನಲೇ ಇದು? ಗುರು ಎಲ್ಲೆದಾನ?"

"ಹೀರೋ ಉಳಿಸಿದಾಕಿಗೆ ಹೀರೋಯಿನ್ ಅಂತಾರಲ್ಲರಿ ಅಜ್ಜಾರ," ಎಂದ ಶಾನವಾಜ. "ನೀವ ಹೇಳಿದ್ದು."

ಮಮತಾ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಅಷ್ಟರಲ್ಲಿ ಹೆಂಗಸರ ಗುಂಪಿನ ನಡುವಿನಿಂದ ಬಸವಣ್ಣೆವ್ವ ಎದ್ದು ನಿಂತಳು, ಸೆರಗು ನಡಕ್ಕೆ ಸಿಗಿಸಿದಳು, ಎರಡೂ ಕೈಯಿಂದ ಚಪ್ಪಾಳೆ ತಟ್ಟಿ ಕೂಗಿದಳು:

"ಒನ್ಸ್ ಮೋರ್!"

ಶಾನವಾಜ ಸಿನಿಮಾವನ್ನು ಹಿಂದಕ್ಕೆ ಓಡಿಸಿದ. ನಾನು ಮತ್ತೆ ಬಿದ್ದೆ. ಸುಳ್ಳೇಕೆ, ಚೆನ್ನಾಗಿಯೇ ಬಿದ್ದಿದ್ದೆ.